ಪ್ರಸಾದವೂ ಪ್ರಮಾಣವೂ

ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಆ ಸ್ಥಲಕ್ಕೆ ಹೇಳಿದ ಭಕ್ತಿಯು ಅವಧಾನಭಕ್ತಿ. ಪ್ರಸಾದಿಯಾದವನಿಗೆ ಉಪವಾಸವನ್ನಾಗಲಿ ರುಚಿತ್ಯಾಗವನ್ನಾಗಲಿ ಮುಖ್ಯವೆನ್ನದೆ ಅವಧಾನವನ್ನೇ ಏಕೆ ಹೇಳಲಾಯಿತು? ಹಸಿವು ಅಡಗಿದ ಮೇಲೆಯೂ ಮನುಷ್ಯನು ಏಕೆ ಉಣ್ಣುತ್ತಾನೆಂಬುದನ್ನು ವಿಚಾರಿಸಿದರೆ ಇದರ ಮರ್ಮವು ತಿಳಿದೀತು.

ಹಸಿವು ಒಡಲಿನದು, ಆಸೆ ಮನಸ್ಸಿನದು. ಹಸಿದವನಿಗೆ ಕಟಕ ರೊಟ್ಟಿಯೂ ಖಾರವೂ ಸಾಕು. ಹೋಳಿಗೆಗೆ ಮಾತ್ರ ಎಡೆಯುಂಟು ಎಂಬವನ ಹಸಿವು ಹಸಿವಲ್ಲ. ಬೇಸರ, ಚಿಂತೆ, ಒಂಟಿತನಗಳು ಹಸಿವಿನ ವೇಷದಲ್ಲಿ ಬಂದು ಅಡಿಗೆಮನೆಯ ಬಾಗಿಲನ್ನು ತಟ್ಟುತ್ತವೆ. ದೇಹವೂ ತಕ್ಕಮಟ್ಟಿಗೆ ಮೋಸಹೋಗುತ್ತದೆ. ಹೊಟ್ಟೆ ತುಂಬಿತೆಂಬ ಸುದ್ದಿಯು ಮಿದುಳಿಗೆ ಚೆನ್ನಾಗಿ ಮುಟ್ಟಲು ಸುಮಾರು 20 ನಿಮಿಷಗಳು ಬೇಕೆಂದು ವೈದ್ಯರು ಹೇಳುತ್ತಾರೆ. ಅವಸರದಿಂದ ಉಣ್ಣುವವನು ಅಷ್ಟರಲ್ಲಿ ಎರಡು ಸಲ ಬಡಿಸಿಕೊಂಡಿರುತ್ತಾನೆ. ಹಸಿವನ್ನು ತಗ್ಗಿಸುವ ಲೆಪ್ಟಿನ್ ಎಂಬ ದೇಹರಸವನ್ನು 1994ರಲ್ಲಿಯೂ, ಅದನ್ನು ಕೆರಳಿಸುವ ಗ್ರೆಲಿನ್ ಎಂಬುದನ್ನು 1999ರಲ್ಲಿಯೂ ವಿಜ್ಞಾನಿಗಳು ಕಂಡುಹಿಡಿದರು. ನಿದ್ರೆಗೆಟ್ಟವನ ಹಸಿವು ಹೆಚ್ಚುವುದೂ ತಿಳಿದುಬಂದಿದೆ. ಆದುದರಿಂದ ಮಿತಿಮೀರಿ ಉಣ್ಣುವುದೆಲ್ಲವೂ ಬರಿಯ ದುರಾಸೆಯೆನ್ನಲಾಗದು. ತಡೆಯಲಾರದೆ ಉಣ್ಣುವುದು ಕೆಲವರಲ್ಲಿ ರೋಗವೇ ಆಗಿರುತ್ತದೆ. ಅಂಥವರನ್ನು ಭಕ್ತಿಹೀನರೆಂದು ಜರೆಯುವುದು ಸಲ್ಲದು, ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಉಳಿದವರಿಗೆ ಅರ್ಪಿತದ ಕ್ರಮವೇ ಉಪಾಯವನ್ನು ತೋರಿಸುತ್ತದೆ. ಲಿಂಗಕ್ಕೆ ಅರ್ಪಿಸದ ಪದಾರ್ಥವನ್ನು ಭಕ್ತನು ಮುಟ್ಟಲಾಗದು; ಅರ್ಪಿಸಿದುದನ್ನು ಚೆಲ್ಲಲಾಗದು. ಈ ಎರಡು ನಿಯಮಗಳ ನಡುವೆ ಅಳತೆಯ ನಿರ್ಣಯವು ನಾಲಿಗೆಗೆ ರುಚಿ ಹತ್ತುವ ಮೊದಲೇ, ಮನಸ್ಸು ಶಾಂತವಾಗಿರುವಾಗಲೇ ಆಗಬೇಕಾಗುತ್ತದೆ. ಊಟದ ನಡುವೆ ಮನಸ್ಸಿನೊಡನೆ ಹೋರಾಡಿ ಗೆದ್ದವರು ವಿರಳ. ಬಡಿಸಿಕೊಳ್ಳುವಾಗ ಕೈ ಅಡ್ಡಹಿಡಿಯುವುದು ಅಷ್ಟು ಕಷ್ಟವಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಡಬ್ಬಿಗೆ ಕೈಹಾಕುವವನಾದರೂ, ಆ ಹಿಡಿ ಚೂಡವನ್ನು ಅರ್ಪಿಸಬೇಕೆಂದು ಒಂದು ಕ್ಷಣ ನಿಂತರೆ, ತನಗೆ ಹಸಿವಿಲ್ಲವೆಂಬುದು ಅವನಿಗೇ ಹೊಳೆಯುತ್ತದೆ. ಮೊಬೈಲನ್ನು ನೋಡುತ್ತ ಉಣ್ಣುವವನಿಗೆ ಆ ಕ್ಷಣವೇ ಇಲ್ಲ.

ಇಲ್ಲಿ ಒಂದು ಕುತರ್ಕವುಂಟು. ಪ್ರಸಾದವೆಂದ ಮೇಲೆ ಎಷ್ಟು ಉಂಡರೂ ದೋಷವಿಲ್ಲವೆಂದು ಹೇಳುವ ಗೃಹಸ್ಥರು ಕಡಿಮೆಯಿಲ್ಲ. ಇದು ಲಿಂಗವನ್ನು ಮುಂದಿಟ್ಟುಕೊಂಡು ಆಸೆಯನ್ನು ಪೂಜಿಸಿದಂತೆ. ತಟ್ಟೆಯಲ್ಲಿ ಬಿಡುವುದು ತಪ್ಪಾದರೆ, ಆ ತಪ್ಪು ಹೆಚ್ಚಾಗಿ ಬಡಿಸಿಕೊಂಡಾಗಲೇ ಹುಟ್ಟಿತು. ಬೇಡವೆಂದ ಅತಿಥಿಗೆ ಆಣೆಯಿಟ್ಟು ಇನ್ನೊಂದು ಸೌಟು ತುಪ್ಪ ಸುರಿಯುವ ಮನೆಯವರೂ ಅದರಲ್ಲಿ ಪಾಲುದಾರರು. ದಾಸೋಹವೆಂಬುದು ಹಸಿದವನಿಗೆ ನೀಡುವುದೇ ಹೊರತು ಉಂಡವನನ್ನು ಪೀಡಿಸುವುದಲ್ಲ.

ಉಂಡ ತಟ್ಟೆಯನ್ನು ತೊಳೆದು ಆ ನೀರನ್ನೂ ಕುಡಿಯುವ ಪದ್ಧತಿಯು ಲಿಂಗವಂತರ ಮನೆಗಳಲ್ಲಿ ಬಂದಿದೆ. ಅದನ್ನು ನಿಷ್ಠೆಯಿಂದ ನಡೆಸುವ ಹಿರಿಯರು ಪಂಕ್ತಿಯಲ್ಲಿ ಕುಳಿತಾಗ ಮೊದಲು ಅರ್ಧ ರೊಟ್ಟಿಯನ್ನೇ ಕೇಳುತ್ತಾರೆ. ಅದು ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು, ಬೇಕೆನಿಸಿದರೆ ಮತ್ತೆ ಅರ್ಧವನ್ನು ಕೇಳುತ್ತಾರೆ.