ದಾನವೋ, ಋಣವೋ?

ಪುಷ್ಯ ಬಹುಳ ಅಮಾವಾಸ್ಯೆಯಂದು ಶ್ರೀ ಪುರಂದರದಾಸರ ಆರಾಧನೆ ನಡೆಯುವಲ್ಲೆಲ್ಲ, ಕೋಟ್ಯಧೀಶನಾದ ವರ್ತಕನೊಬ್ಬನು ಸರ್ವಸ್ವವನ್ನೂ ತೊರೆದು ಹರಿದಾಸನಾದ ಕಥೆಯನ್ನು ನಾವು ಕೇಳುತ್ತೇವೆ. ಕೇಳಿ ಮನೆಗೆ ಮರಳುವಾಗ ಒಂದು ಸಂದೇಹವು ಉಳಿಯುತ್ತದೆ. ಸರ್ವಸ್ವವನ್ನು ತೊರೆಯಲಾರದ, ಆದರೆ ಕೊಡಬೇಕೆಂಬ ಮನಸ್ಸುಳ್ಳ ಧನವಂತನು ಕೊಡುವುದನ್ನು ಏನೆಂದು ಕರೆಯಬೇಕು? ಅದು ದಾನವೋ, ಋಣಪರಿಹಾರವೋ? ನಮ್ಮ ನಾಡಿನವರೇ ಆದ ಶ್ರೀ ನಂದನ್ ನಿಲೇಕಣಿಯವರ ಜೀವನವನ್ನು ಮುಂದಿಟ್ಟುಕೊಂಡು ಇದನ್ನು ವಿಚಾರ ಮಾಡಬಹುದಾಗಿದೆ.

ಅವರು 1955ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಬಾಲ್ಯದ ಕೆಲವು ವರ್ಷಗಳನ್ನು ಧಾರವಾಡದಲ್ಲಿ ಕಳೆದರು. 1973ರಲ್ಲಿ ಮುಂಬಯಿಯ ಐಐಟಿಯನ್ನು ಸೇರಿ, 1978ರಲ್ಲಿ ವಿದ್ಯುತ್ ಇಂಜಿನಿಯರಿಂಗ್ ಪದವಿ ಪಡೆದರು. 1981ರಲ್ಲಿ ಶ್ರೀ ನಾರಾಯಣ ಮೂರ್ತಿಯವರೂ ಸೇರಿದಂತೆ ಒಟ್ಟು ಏಳು ಮಂದಿ ಇನ್ಫೋಸಿಸ್ ಸಂಸ್ಥೆಯನ್ನು ಆರಂಭಿಸಿದರು. ಅದಕ್ಕೆ ಆಧಾರವಾದದ್ದು ಶ್ರೀಮತಿ ಸುಧಾ ಮೂರ್ತಿಯವರು ತಮ್ಮ ಉಳಿತಾಯದಿಂದ ಪತಿಗೆ ಕೊಟ್ಟ 10,000 ರೂಪಾಯಿ. ದಾಸರ ಕಥೆಯಲ್ಲಿ ಸತಿಯ ಮೂಗುತಿಯು ಸಂಪತ್ತನ್ನು ಬಿಡಿಸಿತು. ಇಲ್ಲಿ ಸತಿಯ ಉಳಿತಾಯವು ಸಂಪತ್ತನ್ನು ಹುಟ್ಟಿಸಿತು. ಎರಡರ ಮೂಲದಲ್ಲಿಯೂ ಮೊದಲು ಕೊಟ್ಟ ಕೈ ಬೇರೆಯವರದು ಎಂಬುದನ್ನು ನಾವು ಗಮನಿಸಬೇಕು.

2017ರಲ್ಲಿ ನಿಲೇಕಣಿ ದಂಪತಿಗಳು ತಮ್ಮ ಸಂಪತ್ತಿನ ಅರ್ಧಭಾಗವನ್ನು ಲೋಕಹಿತಕ್ಕೆ ಕೊಡುವುದಾಗಿ ಸಂಕಲ್ಪಿಸಿದರು. ಐಐಟಿಯನ್ನು ಸೇರಿ 50 ವರ್ಷ ತುಂಬಿದಾಗ, 2023ರಲ್ಲಿ, ನಿಲೇಕಣಿಯವರು ಆ ಸಂಸ್ಥೆಗೆ 315 ಕೋಟಿ ರೂಪಾಯಿಗಳನ್ನು ನೀಡಿದರು. ಹಿಂದೆ ಕೊಟ್ಟದ್ದೂ ಸೇರಿ ಅದು 400 ಕೋಟಿಯಾಯಿತು.

ಭಗವದ್ಗೀತೆಯ 17ನೆಯ ಅಧ್ಯಾಯದಲ್ಲಿ ಸಾತ್ವಿಕ ದಾನದ ಲಕ್ಷಣವು ಉಕ್ತವಾಗಿದೆ. ಕೊಡುವುದು ಕರ್ತವ್ಯವೆಂದು ತಿಳಿದು, ದೇಶ ಕಾಲ ಪಾತ್ರಗಳನ್ನು ನೋಡಿ, ಉಪಕಾರದ ಕೊಡುಕೊಳ್ಳುವಿಕೆಯಿಲ್ಲದವನಿಗೆ ಕೊಟ್ಟದ್ದೇ ಸಾತ್ವಿಕ. ಈ ಅಳತೆಯನ್ನು ಕಟ್ಟುನಿಟ್ಟಾಗಿ ಹಿಡಿದರೆ, ತನಗೆ ವಿದ್ಯೆ ಕೊಟ್ಟ ಶಾಲೆಗೆ ಕೊಟ್ಟದ್ದು ದಾನವಲ್ಲ, ಋಣ ತೀರಿಸಿದ್ದು. ಹೀಗೆಂದರೆ ಕೊಟ್ಟವರ ಹಿರಿಮೆ ಕಡಿಮೆಯಾಯಿತೇ? ಇಲ್ಲ, ಹೆಚ್ಚಾಯಿತೆಂದೇ ನಮ್ಮ ಭಾವನೆ. ದಾನಕ್ಕೆ ಬೆನ್ನಟ್ಟಿ ಬರುವ ದೋಷವು ‘ನಾನು ಕೊಟ್ಟೆ’ ಎಂಬ ಅಭಿಮಾನ. ಸಾಲ ತೀರಿಸಿದವನು ಎದೆಯುಬ್ಬಿಸಿ ನಡೆಯುವುದಿಲ್ಲ, ಹಗುರಾಗಿ ನಡೆಯುತ್ತಾನೆ. ಜೀವನ ಕರ್ತೃತ್ವವು ಶ್ರೀಹರಿಯ ಅಧೀನವೆಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಮಾಡುವುದೇ ಸ್ವತಂತ್ರವಲ್ಲದ ಮೇಲೆ, ಗಳಿಸಿದ್ದು ಸ್ವಂತದ್ದೆಂದು ಹೇಳುವುದೆಂತು?

ಆದರೆ ಈ ಋಣವು ಶಾಲೆಯೊಂದಕ್ಕೇ ಸಲ್ಲುವುದೇ? 1958ರಲ್ಲಿ ಸ್ಥಾಪಿತವಾದ ಆ ಸಂಸ್ಥೆಯು ನಡೆದದ್ದು ಸರ್ಕಾರದ ಬೊಕ್ಕಸದಿಂದ. ಆ ಬೊಕ್ಕಸಕ್ಕೆ ಹೂಗ್ಯಂನಂತಹ ಕಾಡಂಚಿನ ಊರಿನ ರಾಗಿ ಬೆಳೆಗಾರನು ಕೊಂಡ ಬೆಂಕಿಪೆಟ್ಟಿಗೆಯ ಸುಂಕವೂ ಹೋಗಿ ಸೇರುತ್ತಿತ್ತು. ತಾನು ಯಾರ ಮಗನನ್ನು ಓದಿಸುತ್ತಿದ್ದೇನೆಂಬುದು ಅವನಿಗೆ ತಿಳಿಯದು. ಓದಿದವನಿಗೆ ಅವನ ಹೆಸರು ತಿಳಿಯದು. ಇಂತಹ ಋಣಕ್ಕೆ ಪತ್ರವಿಲ್ಲ, ಸಾಕ್ಷಿಯಿಲ್ಲ; ಆದರೂ ಋಣವು ಋಣವೇ.

2009ರಲ್ಲಿ ನಿಲೇಕಣಿಯವರು ಇನ್ಫೋಸಿಸ್ಸನ್ನು ಬಿಟ್ಟು, ಆಧಾರ್ ಗುರುತಿನ ಪ್ರಾಧಿಕಾರದ ಪ್ರಥಮ ಅಧ್ಯಕ್ಷರಾದರು. ನೂರು ಕೋಟಿಗೂ ಮಿಕ್ಕ ಜನರಿಗೆ ಆ ಸಂಖ್ಯೆ ದೊರೆತಿದೆ. ಸರ್ಕಾರದ ಸವಲತ್ತುಗಳಿಗೆ ಅದರ ಬಳಕೆಯನ್ನು 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. ಹೆಸರಿಲ್ಲದವನಿಗೆ ಗುರುತು ಕೊಡುವುದು ಸಣ್ಣ ಕಾರ್ಯವಲ್ಲ. ಆದರೂ ಕಳೆ ಕಿತ್ತು ಬೆರಳ ಗೆರೆ ಸವೆದ ಮುದುಕಿಯೊಬ್ಬಳು, ಯಂತ್ರವು ತನ್ನನ್ನು ಗುರುತಿಸಲಿಲ್ಲವೆಂದು ನ್ಯಾಯಬೆಲೆ ಅಂಗಡಿಯಿಂದ ಬರಿಯ ಚೀಲದೊಡನೆ ಹಿಂದಿರುಗಿದರೆ, ಆ ದಿನದ ಮಟ್ಟಿಗೆ ಋಣವು ಬಾಕಿಯೇ ಸರಿ. ಅದು ಒಬ್ಬರ ತಲೆಯ ಮೇಲಣ ಬಾಕಿಯಲ್ಲ. ಯಂತ್ರ ಕಟ್ಟಿದವರು, ನಡೆಸುವವರು, ಕಂಡೂ ಸುಮ್ಮನಿರುವ ನಾವು, ಎಲ್ಲರದೂ ಹೌದು. ಕೋಟಿಗಳ ಲೆಕ್ಕವು ಸರಿಯಾಯಿತೇ ಎಂಬುದನ್ನು ಕೊನೆಯವಳ ಚೀಲವನ್ನು ನೋಡಿಯೇ ಹೇಳಬೇಕು.

ಶ್ರೀಮತಿ ರೋಹಿಣಿ ನಿಲೇಕಣಿಯವರು ಜಲಸಂರಕ್ಷಣೆಗಾಗಿ ನಡೆಸಿದ ಸಂಸ್ಥೆಯ ಹೆಸರು ‘ಅರ್ಘ್ಯಂ’. ಅರ್ಘ್ಯ ಕೊಡುವಾಗ ನಾವು ಕಾವೇರಿಯಲ್ಲಿ ನಿಂತು, ಕಾವೇರಿಯ ನೀರನ್ನೇ ಬೊಗಸೆಯಲ್ಲಿ ತುಂಬಿ ಬಿಡುತ್ತೇವೆ. ನೀರು ನಮ್ಮದಲ್ಲ, ನಮ್ಮದೆನ್ನಬಹುದಾದದ್ದು ಎತ್ತಿದ ಕೈಗಳ ಭಕ್ತಿಯೊಂದೇ. ನೂರಾರು ಕೋಟಿ ಕೊಡುವವರಿಗೂ, ಒಂದು ಹಿಡಿ ಅಕ್ಕಿ ಕೊಡುವ ನಮಗೂ ಶ್ರೀಹರಿಯು ಈ ಬುದ್ಧಿಯನ್ನೇ ಅನುಗ್ರಹಿಸಲಿ.