ಮಗು ಸುಮ್ಮನಾದರೆ ಸಾಕೇ?

ಮಕ್ಕಳಿರುವ ಮನೆಗಳಲ್ಲಿ ದಿನಕ್ಕೆ ಹತ್ತಾರು ಬಾರಿ ಕೇಳಿಬರುವ ಮಾತೊಂದಿದೆ: 'ಸುಮ್ಮನಿರು'. ಅಳುವ ಮಗುವಿಗೂ ಅದೇ ಮಾತು, ಓಡುವ ಮಗುವಿಗೂ ಅದೇ ಮಾತು, ಪ್ರಶ್ನೆ ಕೇಳುವ ಮಗುವಿಗೂ ಅದೇ ಮಾತು. ಮಗು ಈ ಮಾತಿಗೆ ಮಣಿಯದಿದ್ದರೆ ಒಂದೋ ಬೆನ್ನಿಗೆ ಏಟು ಬೀಳುತ್ತದೆ, ಇಲ್ಲವೇ ಕೈಗೆ ಮೊಬೈಲ್ ಬರುತ್ತದೆ. ಎರಡರಿಂದಲೂ ಮಗು ಸುಮ್ಮನಾಗುತ್ತದೆ ಎಂಬುದು ನಿಜ. ಆದರೆ ಸುಮ್ಮನಾದ ಮಗುವೆಲ್ಲ ಶಾಂತವಾದ ಮಗುವೇ? ಹೆತ್ತವರೂ ಶಿಕ್ಷಕರೂ ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ನನಗೆ ಈ ಪ್ರಶ್ನೆ ಹುಟ್ಟಿದ್ದು ನನ್ನದೇ ತಪ್ಪಿನಿಂದ. ಕುಂದಗೋಳದಲ್ಲಿ ಕೆಲವು ಕಾಲ ಸಂಜೆಯ ಹೊತ್ತು ಮಕ್ಕಳಿಗೆ ಕುರ್‌ಆನ್ ಓದಲು ಕಲಿಸುತ್ತಿದ್ದೆ. ಏಳೆಂಟು ವರ್ಷದ ಹುಡುಗನೊಬ್ಬ ಒಂದು ನಿಮಿಷವೂ ಕುಳಿತಲ್ಲಿ ಕೂರುತ್ತಿರಲಿಲ್ಲ. ಒಂದು ದಿನ ತಾಳ್ಮೆಗೆಟ್ಟು, ಗದರಿಸಿ, ಬೆತ್ತವನ್ನು ಅವನ ಮುಂದೆ ನೆಲಕ್ಕೆ ಬಡಿದೆ. ಹುಡುಗ ಕಲ್ಲಿನಂತೆ ಕುಳಿತ. ನನಗೆ ಗೆದ್ದೆನೆಂಬ ಸಮಾಧಾನ. ಆದರೆ ಪಾಠ ಒಪ್ಪಿಸೆಂದು ಹೇಳಿದಾಗ, ಹಿಂದಿನ ವಾರ ತಪ್ಪಿಲ್ಲದೆ ಓದಿದ್ದ ಅಲ್‌ಫಾತಿಹವೂ ಅವನ ಬಾಯಿಗೆ ಬರಲಿಲ್ಲ. ಅವನ ಕಣ್ಣುಗಳು ನನ್ನ ಕೈಯಲ್ಲಿದ್ದ ಬೆತ್ತದ ಮೇಲೆಯೇ ನೆಟ್ಟಿದ್ದವು. ಅವನಿಗೆ ಏಕಾಗ್ರತೆಯೇನೋ ಬಂದಿತ್ತು, ಆದರೆ ಅದು ಅಲ್ಲಾಹನ ವಚನದ ಮೇಲಲ್ಲ, ಬೆತ್ತದ ಮೇಲೆ.

ಮನುಷ್ಯನು ತಾಯಿಯ ಗರ್ಭದಿಂದ ಏನೂ ಅರಿಯದವನಾಗಿ ಹೊರಬರುತ್ತಾನೆ, ಅವನು ಕೃತಜ್ಞನಾಗಲೆಂದು ಅಲ್ಲಾಹನು ಅವನಿಗೆ ಕಿವಿ, ಕಣ್ಣು ಮತ್ತು ಹೃದಯಗಳನ್ನು ನೀಡಿದ್ದಾನೆ ಎಂಬ ಆಶಯವನ್ನು ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯದ 78ನೇ ಸೂಕ್ತದಲ್ಲಿ ಕಾಣುತ್ತೇವೆ. ಬನೀ ಇಸ್ರಾಈಲ್ ಅಧ್ಯಾಯದ 36ನೇ ಸೂಕ್ತವು ಇದೇ ಮೂರರ ಬಗ್ಗೆ ವಿಚಾರಣೆ ಇದೆಯೆಂದು ಎಚ್ಚರಿಸುತ್ತದೆ. ಅಂದರೆ ಇಂದ್ರಿಯಗಳು ಅನುಗ್ರಹವೂ ಹೌದು, ಅಮಾನತ್ತೂ ಹೌದು. ವಯಸ್ಕನು ತನ್ನ ಅಮಾನತ್ತಿಗೆ ತಾನೇ ಉತ್ತರ ಕೊಡುತ್ತಾನೆ. ಆದರೆ ಮಗುವಿನ ಕಣ್ಣು ಕಿವಿಗಳನ್ನು ಅದು ಬೆಳೆಯುವವರೆಗೆ ಯಾರ ಕೈಗೆ ಒಪ್ಪಿಸಲಾಗಿದೆ? ನಮ್ಮ ಕೈಗಲ್ಲವೇ?

ಈ ದೃಷ್ಟಿಯಿಂದ ನೋಡಿದಾಗ ಏಟು ಮತ್ತು ಮೊಬೈಲ್ ಎರಡರ ದೋಷವೂ ತಿಳಿಯುತ್ತದೆ. ಭಯವು ಮಗುವಿನ ಇಂದ್ರಿಯಗಳ ಬಾಗಿಲನ್ನು ಮುಚ್ಚುತ್ತದೆ. ಹೆದರಿದ ಮಗು ಕೇಳಿದರೂ ಕೇಳಿಸಿಕೊಳ್ಳುವುದಿಲ್ಲ. ಮೊಬೈಲ್ ಆ ಬಾಗಿಲನ್ನು ತೆರೆದಿಡುತ್ತದೆ, ಆದರೆ ಒಳಗಿರುವವನನ್ನೇ ಹೊರಗೆ ಎಳೆದೊಯ್ಯುತ್ತದೆ. ಅಲ್ಲಿ ನೋಡುವ ಶ್ರಮ ಮಗುವಿನದಲ್ಲ. ಚಿತ್ರ ತಾನೇ ಓಡುತ್ತದೆ, ಕಣ್ಣು ಹಿಂಬಾಲಿಸುತ್ತದೆ. ಅದನ್ನು ಕಿತ್ತುಕೊಂಡ ಮರುಕ್ಷಣ ಮಗು ಮೊದಲಿಗಿಂತ ಹೆಚ್ಚು ರಂಪ ಮಾಡುವುದನ್ನು ನಾವೆಲ್ಲ ಕಂಡಿದ್ದೇವೆ. ತನ್ನನ್ನು ತಾನು ಸಂತೈಸಿಕೊಳ್ಳುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಹಾಗಾದರೆ ಕಲಿಸುವುದು ಹೇಗೆ? ಪ್ರವಾದಿವರ್ಯರ(ಸ) ಶಿಕ್ಷಣ ಕ್ರಮವನ್ನು ಗಮನಿಸಿರಿ. ಕೋಪ ಬಂದವನು ನಿಂತಿದ್ದರೆ ಕುಳಿತುಕೊಳ್ಳಬೇಕು, ಆಗಲೂ ತಣಿಯದಿದ್ದರೆ ಮಲಗಬೇಕು ಎಂದು ಅವರು ಬೋಧಿಸಿದ್ದಾರೆ. ಕೋಪವನ್ನು ಬೆಂಕಿಗೆ ಹೋಲಿಸಿ, ನೀರಿನಿಂದ ಅದು ಆರುವುದರಿಂದ ವುಝೂ ಮಾಡಬೇಕೆಂದು ಹೇಳುವ ವರದಿಯೊಂದೂ ಅಬೂದಾವೂದ್‌ನಲ್ಲಿದೆ. ಅದರ ವರದಿಗಾರರ ಸರಣಿಯ ಬಗ್ಗೆ ಹದೀಸ್ ವಿದ್ವಾಂಸರಲ್ಲಿ ಚರ್ಚೆಯಿದೆ. ಆದರೂ ಒಂದು ಅಂಶ ಸ್ಪಷ್ಟ. ಇಲ್ಲಿ ಮನಸ್ಸಿಗೆ ಬರೀ 'ಶಾಂತವಾಗು' ಎಂಬ ಆಜ್ಞೆಯಿಲ್ಲ, ದೇಹಕ್ಕೆ ಮಾಡಲು ಒಂದು ಕೆಲಸವಿದೆ.

ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಇನ್ನೊಂದು ಘಟನೆಯಿದೆ. ಪ್ರವಾದಿವರ್ಯರ(ಸ) ಆಶ್ರಯದಲ್ಲಿ ಬೆಳೆಯುತ್ತಿದ್ದ ಉಮರ್ ಬಿನ್ ಅಬೀ ಸಲಮ(ರ) ಎಂಬ ಬಾಲಕನ ಕೈ ಊಟದ ಹರಿವಾಣದ ತುಂಬ ಓಡಾಡುತ್ತಿತ್ತು. ಪ್ರವಾದಿವರ್ಯರು(ಸ) ಗದರಿಸಲಿಲ್ಲ. ಅಲ್ಲಾಹನ ನಾಮ ಹೇಳಿ, ಬಲಗೈಯಿಂದ, ತನ್ನ ಹತ್ತಿರವಿರುವುದನ್ನು ತಿನ್ನುವಂತೆ ಮೃದುವಾಗಿ ತಿಳಿಸಿದರು. ಅಲೆಯುವ ಕೈಗೆ ಒಂದು ನೆಲೆ ಕೊಟ್ಟರು. ಆ ಬಾಲಕ ದೊಡ್ಡವನಾದ ಮೇಲೆಯೂ ಹಾಗೆಯೇ ಉಣ್ಣುತ್ತಿದ್ದುದಾಗಿ ತಾವೇ ಹೇಳಿದ್ದಾರೆ. ಭಯದಿಂದ ಕಲಿತದ್ದು ಬೆತ್ತವಿರುವವರೆಗೆ ಮಾತ್ರ, ಹೀಗೆ ಕಲಿತದ್ದು ಬದುಕಿರುವವರೆಗೆ.

ಬೆತ್ತದ ಆ ಘಟನೆಯ ನಂತರ ನಾನು ಪಾಠಕ್ಕೆ ಮುಂಚೆ ಮಕ್ಕಳೊಡನೆ ನೀರಿನ ಬಳಿ ಕೂರತೊಡಗಿದೆ. ಪ್ರವಾದಿವರ್ಯರು(ಸ) ಒಂದು 'ಮುದ್ದ್', ಅಂದರೆ ಬೊಗಸೆ ತುಂಬುವಷ್ಟು ನೀರಿನಲ್ಲಿ ವುಝೂ ಮುಗಿಸುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ನಮ್ಮದು ನೀರಿನ ಬೆಲೆ ಬಲ್ಲ ಎರೆನಾಡು. ನಳ ಬಿಟ್ಟು ಗಡಬಡಿಸಿ ತೊಳೆಯುವ ಮಗುವಿನ ಕೈಗೆ ಒಂದು ಸಣ್ಣ ತಂಬಿಗೆ ಕೊಟ್ಟು, 'ಬೇಟಾ, ಇಷ್ಟರಲ್ಲೇ ಮುಗಿಸಬೇಕು' ಎಂದರೆ ಅದು ತಾನಾಗಿಯೇ ನಿಧಾನಿಸುತ್ತದೆ. ಸಣ್ಣ ಧಾರೆಯನ್ನು ಕಣ್ಣು ನೋಡಬೇಕು, ತಣ್ಣೀರು ಮೊಣಕೈ ಮುಟ್ಟಿದ್ದನ್ನು ಚರ್ಮ ತಿಳಿಯಬೇಕು, ಕೊನೆಯ ಹನಿ ಬಿದ್ದ ಸದ್ದನ್ನು ಕಿವಿ ಕೇಳಬೇಕು. ಆ ಕೆಲವು ನಿಮಿಷಗಳಲ್ಲಿ ಓಟ ನಿಂತಿರುತ್ತದೆ, ಉಸಿರು ತಹಬಂದಿಗೆ ಬಂದಿರುತ್ತದೆ.

ಕಿವಿಯ ಶಿಕ್ಷಣವೂ ಹೀಗೆಯೇ. 'ಸೀನ್' ಮತ್ತು 'ಸ್ವಾದ್' ಅಕ್ಷರಗಳ ವ್ಯತ್ಯಾಸವನ್ನು ಪುಸ್ತಕ ಕಲಿಸದು. ಮಗು ಕಲಿಸುವವರ ಬಾಯಿ ನೋಡಿ, ಧ್ವನಿ ಕೇಳಿ, ತನ್ನ ನಾಲಗೆಯನ್ನು ತಿದ್ದಿಕೊಳ್ಳಬೇಕು. ತಜ್ವೀದ್ ಎಂದರೆ ಮೊದಲು ಆಲಿಸುವ ವಿದ್ಯೆ. ಈ ಮಾತು ಕುಂದಗೋಳದವರಿಗೆ ಹೊಸದಲ್ಲ. ಸವಾಯಿ ಗಂಧರ್ವರೆಂದು ಖ್ಯಾತರಾದ ರಾಮಭಾವು ಕುಂದಗೋಳಕರ (1886–1952) ಉಸ್ತಾದ್ ಅಬ್ದುಲ್ ಕರೀಮ್ ಖಾನರ ಶಿಷ್ಯರು. ಅವರ ಬಳಿ ಭೀಮಸೇನ ಜೋಶಿ ಈ ಊರಿನಲ್ಲಿದ್ದುಕೊಂಡು ಕಲಿತರು, ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತರು. ಸಂಗೀತದ ಕುರಿತು ನಮ್ಮ ವಿದ್ವಾಂಸರಲ್ಲಿ ಭಿನ್ನ ನಿಲುವುಗಳಿವೆ. ಆ ಚರ್ಚೆ ಇಲ್ಲಿನ ವಿಷಯವಲ್ಲ. ಒಂದು ಸ್ವರವನ್ನು ಸರಿಯಾಗಿ ಕೇಳಲು ತಿಂಗಳುಗಟ್ಟಲೆ ತಾಳ್ಮೆಯಿಂದ ಕುಳಿತ ಆ ಶಿಷ್ಯರ ಶ್ರಮವನ್ನು ಕಂಡ ಊರಿನವರು ಅಲ್ಲಾಹನ ವಚನವನ್ನು ಆಲಿಸಲು ಮಕ್ಕಳಿಗೆ ಎಷ್ಟು ತಾಳ್ಮೆ ಕಲಿಸುತ್ತಿದ್ದೇವೆ ಎಂಬುದಷ್ಟೇ ನನ್ನ ಪ್ರಶ್ನೆ.

ಇಟಲಿಯ ಮಾರಿಯಾ ಮಾಂಟೆಸೊರಿ 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಮಕ್ಕಳ ಶಾಲೆ ತೆರೆದು, ಇಂದ್ರಿಯಗಳ ಮೂಲಕವೇ ಕಲಿಸುವ ಕ್ರಮವನ್ನು ರೂಪಿಸಿದರು. 1939ರಲ್ಲಿ ಮದ್ರಾಸಿಗೆ ಬಂದು ಇಲ್ಲಿನ ಶಿಕ್ಷಕರಿಗೂ ತರಬೇತಿ ನೀಡಿದರು. ಅವರ ಪಾಠಗಳಲ್ಲಿ ಮೌನದ ಪಾಠವೂ ಒಂದು. ಮಕ್ಕಳು ಅಲುಗಾಡದೆ ಕುಳಿತಿರುತ್ತಾರೆ. ಶಿಕ್ಷಕಿ ದೂರದಿಂದ ಒಬ್ಬೊಬ್ಬರ ಹೆಸರನ್ನು ಪಿಸುದನಿಯಲ್ಲಿ ಕರೆಯುತ್ತಾರೆ. ಹೆಸರು ಕೇಳಿಸಿಕೊಂಡ ಮಗು ಸದ್ದಿಲ್ಲದೆ ಎದ್ದು ಹೋಗುತ್ತದೆ. ಅಲ್ಲಿ ಮೌನವು ಶಿಕ್ಷೆಯಲ್ಲ, ಮಕ್ಕಳು ತಾವೇ ಸೇರಿ ಕಟ್ಟುವ ವಸ್ತು. ಅಝಾನ್ ಕೇಳಿದೊಡನೆ ಮಾತು ನಿಲ್ಲಿಸಿ ಉತ್ತರಿಸುವ ರೂಢಿಯಿರುವ ನಮ್ಮ ಮನೆಗಳಿಗೆ ಈ ಪಾಠ ದಿನಕ್ಕೆ ಐದು ಬಾರಿ ಬಾಗಿಲಿಗೇ ಬರುತ್ತದೆ.

ಇಲ್ಲೊಂದು ಆಕ್ಷೇಪ ಬರಬಹುದು: ಆರಾಧನೆಯನ್ನು ಮನಸ್ಸು ತಣಿಸುವ ಉಪಾಯವನ್ನಾಗಿ ಮಾಡಿದರೆ ಅದರ ಘನತೆ ಕುಂದುವುದಿಲ್ಲವೇ? ಈ ಆಕ್ಷೇಪದಲ್ಲಿ ಹುರುಳಿದೆ. ವುಝೂ ವ್ಯಾಯಾಮವಲ್ಲ, ನಮಾಝ್ ಔಷಧಿಯಲ್ಲ. 'ರಂಪ ಮಾಡಿದೆ, ಹೋಗಿ ವುಝೂ ಮಾಡು' ಎಂದು ಶಿಕ್ಷೆಯಂತೆ ವಿಧಿಸಿದರಂತೂ ಮಗುವಿಗೆ ಅದರ ಮೇಲೆಯೇ ಬೇಸರ ಹುಟ್ಟೀತು. ಆದರೆ ಹೃದಯಗಳು ನೆಮ್ಮದಿ ಕಾಣುವುದು ಅಲ್ಲಾಹನ ಸ್ಮರಣೆಯಲ್ಲಿ ಎಂದು ಕುರ್‌ಆನ್ ಕಲಿಸುತ್ತದೆ. ನಮಾಝ್‌ನಲ್ಲಿ ತಮಗೆ ನೆಮ್ಮದಿಯಿದೆ ಎಂಬ ಭಾವದಿಂದ ಪ್ರವಾದಿವರ್ಯರು(ಸ) ಹಝ್ರತ್ ಬಿಲಾಲರಿಗೆ(ರ) ಕರೆ ನೀಡಲು ಹೇಳುತ್ತಿದ್ದರು. ನೆಮ್ಮದಿ ಆರಾಧನೆಯ ಗುರಿಯಲ್ಲ, ಅದರ ಫಲ. ಮರಕ್ಕೆ ನೀರೆರೆಯಲು ಕಲಿಸುವಾಗ ಮಗುವಿಗೆ ಹಣ್ಣಿನ ರುಚಿ ತೋರಿಸಿದರೆ ತಪ್ಪೇನಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕು. ಎಲ್ಲ ಮಕ್ಕಳೂ ಒಂದೇ ರೀತಿಯಲ್ಲಿ ಶಾಂತರಾಗುವುದಿಲ್ಲ. ಕೆಲವರಿಗೆ ಗಟ್ಟಿ ಸದ್ದು ಸಹಿಸಲಾಗದು, ಕೆಲವರಿಗೆ ಮೈ ಮುಟ್ಟಿದರೆ ಆಗದು. ಕಿವಿ ಸರಿಯಾಗಿ ಕೇಳದ ಮಗುವನ್ನು ಹಠಮಾರಿಯೆಂದು ಹೊಡೆಯುವವರಿದ್ದಾರೆ. ಹಸಿದ ಮಗುವಿಗೆ ಏಕಾಗ್ರತೆಯ ಪಾಠ ಹೇಳುವವರೂ ಇದ್ದಾರೆ. ಮೊದಲು ಮಗುವಿನ ಕಷ್ಟವೇನೆಂದು ನೋಡಬೇಕು, ಅಗತ್ಯವಿದ್ದರೆ ವೈದ್ಯರ ಬಳಿ ಕರೆದೊಯ್ಯಬೇಕು.

ಎಲ್ಲಕ್ಕಿಂತ ಕಠಿಣವಾದ ಪಾಠ ನಮ್ಮದು. ನಮಾಝ್‌ನಲ್ಲಿ ನಿಂತಿದ್ದಾಗ ಮಗುವಿನ ಅಳು ಕೇಳಿಬಂದರೆ, ತಾಯಿಯ ಸಂಕಟವನ್ನು ನೆನೆದು ಪ್ರವಾದಿವರ್ಯರು(ಸ) ನಮಾಝನ್ನೇ ಸಂಕ್ಷಿಪ್ತಗೊಳಿಸುತ್ತಿದ್ದರು. ಮಗುವನ್ನು ಸುಮ್ಮನಿರಿಸಿರೆಂದು ಸಿಡುಕಲಿಲ್ಲ, ತಮ್ಮನ್ನೇ ಬದಲಿಸಿಕೊಂಡರು. ನಮ್ಮ 'ಸುಮ್ಮನಿರು' ಯಾರ ಹಿತಕ್ಕಾಗಿ? ಮಗುವಿನ ನೆಮ್ಮದಿಗಾಗಿಯೇ, ಅಥವಾ ನಮ್ಮ ನೆಮ್ಮದಿಗೆ ಅಡ್ಡಿಯಾಗದಿರಲೆಂದೇ? ಕೋಪದಿಂದ ನಡುಗುವ ಕೈ ಯಾವ ಮಗುವಿಗೂ ಶಾಂತಿಯನ್ನು ಕಲಿಸಲಾರದು.

ಆ ಹುಡುಗ ಬೆತ್ತವನ್ನು ಮರೆಯಲು ಬಹಳ ದಿನ ಬೇಕಾಯಿತು. ಒಂದು ಸಂಜೆ ನಾನು ಬೇರೊಬ್ಬ ಹುಡುಗನ ಮೇಲೆ ದನಿ ಏರಿಸಿದಾಗ ಅವನು ಮೆಲ್ಲನೆ ಎದ್ದು, ಸಣ್ಣ ತಂಬಿಗೆಯಲ್ಲಿ ನೀರು ತಂದು ನನ್ನ ಮುಂದೆ ಇಟ್ಟು, 'ಹಜ್ರತ್, ವುಝೂ' ಎಂದ. ಅವನ ಮುಖದಲ್ಲಿ ಕುಚೋದ್ಯವಿರಲಿಲ್ಲ, ಭಯವೂ ಇರಲಿಲ್ಲ. ನಾನು ಎದ್ದು ಹೋಗಿ ವುಝೂ ಮಾಡಿದೆ. ಅಂದು ಪಾಠ ಸ್ವಲ್ಪ ತಡವಾಗಿ ಆರಂಭವಾಯಿತು.