ಗುಣವೂ ಅಂಕವೂ

ಮನುಷ್ಯನು ತನ್ನ ಸ್ವಭಾವಕ್ಕೆ ತಾನೇ ಹೊಣೆಯೋ, ಅಥವಾ ಅದು ಅವನ ಪಾಲಿಗೆ ಬಂದೊದಗಿದ ಸ್ವತ್ತೋ ಎಂಬ ಪ್ರಶ್ನೆಯು ಬಹು ಹಳೆಯದು. ಪಾಠಶಾಲೆಯಲ್ಲಿದ್ದಾಗ ನಾವು ಎಳೆಯ ವಯಸ್ಸಿನಲ್ಲಿಯೇ ಇದನ್ನು ಕುರಿತು ವಾದಮಾಡಿದ್ದುಂಟು, ಗೆದ್ದದ್ದೂ ಉಂಟು. ಆದರೆ ಆ ಪ್ರಶ್ನೆಯು ನನ್ನ ಮನಸ್ಸಿಗೆ ನಿಜವಾಗಿ ತಾಗಿದುದು ಕಳೆದ ಬೇಸಗೆಯ ರಜೆಯಲ್ಲಿ, ನನ್ನ ಮೊಮ್ಮಗನ ಕಂಪ್ಯೂಟರಿನ ಮುಂದೆ ಅವನ ಆಟವನ್ನು ನೋಡುತ್ತ ಕುಳಿತಿದ್ದಾಗ. ಆಟದ ಮಾತೆಂದು ವಾಚಕರು ಹಗುರವಾಗಿ ಎಣಿಸಬಾರದಾಗಿ ಬೇಡುತ್ತೇನೆ. ದ್ಯೂತಸಭೆಯ ಕಥೆಯನ್ನು ಬಲ್ಲ ನಮಗೆ, ದಾಳವು ಉರುಳಿದಲ್ಲಿ ಧರ್ಮಪ್ರಶ್ನೆಯು ಏಳುವುದು ಹೊಸತಲ್ಲವಷ್ಟೆ.

ಆ ಆಟದ ಹೆಸರು 'ಬಾಲ್ಡರ್ಸ್ ಗೇಟ್ 3'. ಬೆಲ್ಜಿಯಂ ದೇಶದ ಘೆಂಟ್ ನಗರದ ಲೇರಿಯನ್ ಎಂಬ ಸಂಸ್ಥೆಯವರು ಅದನ್ನು 2023ರಲ್ಲಿ ಹೊರತಂದರು. ಮಂತ್ರವಾದಿಗಳು, ರಾಕ್ಷಸರು, ಹಾಳುಗುಡಿಗಳು ತುಂಬಿರುವ ಒಂದು ಕಲ್ಪಿತ ಲೋಕದಲ್ಲಿ ಆಟಗಾರನು ಒಬ್ಬ ನಾಯಕನಾಗಿ ಸಂಚರಿಸುವುದೇ ಅದರ ವಸ್ತು. ಕಥೆಯು ತೊಡಗುವುದಕ್ಕೆ ಮೊದಲು ಆಟಗಾರನು ಆ ನಾಯಕನನ್ನು ತಾನೇ ನಿರ್ಮಿಸಬೇಕು. ಕುಲ, ವೃತ್ತಿ, ಮುಖಚರ್ಯೆ ಇವುಗಳನ್ನು ಗೊತ್ತುಮಾಡಿದ ಮೇಲೆ ಆರು ಗುಣಗಳ ಪಟ್ಟಿಯೊಂದು ಕಾಣಿಸಿಕೊಳ್ಳುತ್ತದೆ. ನಮ್ಮ ಮಾತಿನಲ್ಲಿ ಅವುಗಳನ್ನು ಬಲ, ಲಾಘವ, ದಾರ್ಢ್ಯ, ಬುದ್ಧಿ, ವಿವೇಕ, ವರ್ಚಸ್ಸು ಎಂದು ಕರೆಯಬಹುದು. ಪ್ರತಿಯೊಂದು ಗುಣವೂ 8 ಅಂಕದಿಂದ ಮೊದಲಾಗುತ್ತದೆ. ಆಟಗಾರನ ಕೈಚೀಲದಲ್ಲಿ 27 ಬಿಂದುಗಳಿರುತ್ತವೆ. ಅವನ್ನು ವೆಚ್ಚಮಾಡಿ ಯಾವ ಗುಣವನ್ನಾದರೂ 15ರವರೆಗೆ ಏರಿಸಬಹುದು. 13ರ ತನಕ ಒಂದೊಂದು ಅಂಕಕ್ಕೆ ಒಂದೊಂದು ಬಿಂದು. ಅದಕ್ಕೆ ಮೇಲೆ ಒಂದೊಂದಕ್ಕೆ ಎರಡೆರಡು. ಆದುದರಿಂದ ಮೂರು ಗುಣಗಳನ್ನು 13ಕ್ಕೂ ಮೂರನ್ನು 12ಕ್ಕೂ ಏರಿಸಿ ಹದವಾದ ಮನುಷ್ಯನೊಬ್ಬನನ್ನು ಮಾಡಬಹುದು. ಇಲ್ಲವೆ ಮೂರನ್ನು 15ಕ್ಕೆ ಏರಿಸಿ, ಉಳಿದ ಮೂರನ್ನು 8ರಲ್ಲಿಯೇ ಬಿಟ್ಟುಬಿಡಬಹುದು. ಎರಡಕ್ಕೂ ವೆಚ್ಚವು ಸರಿಯಾಗಿ 27. ಕೊನೆಯಲ್ಲಿ ಒಂದು ಗುಣಕ್ಕೆ ಎರಡಂಕವನ್ನೂ ಮತ್ತೊಂದಕ್ಕೆ ಒಂದಂಕವನ್ನೂ ಉಚಿತವಾಗಿ ಸೇರಿಸುತ್ತಾರೆ. ಆ ಲೆಕ್ಕವನ್ನು ಇಲ್ಲಿ ಬಿಟ್ಟಿದ್ದೇನೆ.

ನನ್ನ ಮೊಮ್ಮಗನು ಎರಡನೆಯ ದಾರಿಯನ್ನು ಹಿಡಿದನು. ಬಲ, ಲಾಘವ, ದಾರ್ಢ್ಯ ಇವು ಮೂರೂ 15. ಬುದ್ಧಿ, ವಿವೇಕ, ವರ್ಚಸ್ಸು ಇವು ಮೂರೂ 8. ನಾನು ಗಾಬರಿಯಿಂದ, "ಇದೇನೋ, ವಿವೇಕವನ್ನೂ ಬಿಟ್ಟುಬಿಟ್ಟೆಯಲ್ಲ!" ಎಂದೆ. "ತಾತ, ಇವನು ಹೊಡೆದಾಡೋನು. ಇವನಿಗೆ ವಿವೇಕ ಯಾಕೆ?" ಎಂದು ಅವನು ನಕ್ಕನು. ಹೀಗೆ ಬೇಡವಾದ ಗುಣವನ್ನು ಕೆಳಗೆ ಬಿಡುವುದಕ್ಕೆ ಆಟಗಾರರು 'ಡಂಪ್' ಮಾಡುವುದು ಎನ್ನುತ್ತಾರಂತೆ. ತಿಪ್ಪೆಗೆ ಸುರಿಯುವುದೆಂದು ಅರ್ಥ. ಆಮೇಲೆ ಆಟ ನಡೆಯುತ್ತ, ಆ ನಾಯಕನು ಯಾರನ್ನೋ ಮಾತಿನಿಂದ ಒಲಿಸಲು ಹೋಗಿ ಸೋತಾಗಲೆಲ್ಲ ಹುಡುಗನು, "ಥೂ, ದಡ್ಡ!" ಎಂದು ಬೈಯುತ್ತಿದ್ದನು. ನನಗೆ ಆ ಬೈಗುಳು ವಿಚಿತ್ರವಾಗಿ ಕೇಳಿಸಿತು. ದಡ್ಡತನವನ್ನು ಆರಿಸಿದವನು ಒಬ್ಬ, ಹೊತ್ತವನು ಮತ್ತೊಬ್ಬ. ಆರಿಸಿದವನೇ ಹೊತ್ತವನನ್ನು ನಿಂದಿಸುತ್ತಿದ್ದಾನೆ!

ಈ ಗುಣಪಟ್ಟಿಯು ಆ ಆಟದಲ್ಲಿಯೇ ಹುಟ್ಟಿದುದಲ್ಲ. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು 1974ರಲ್ಲಿ ಪ್ರಕಟಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವು ಇದಕ್ಕೆ ಮೂಲ. ಅಲ್ಲಿ ಕಂಪ್ಯೂಟರು ಇರಲಿಲ್ಲ. ಮೇಜು, ಕಾಗದ, ದಾಳ ಇಷ್ಟೇ ಸಾಮಗ್ರಿ. ಆರಿಸುವ ಸ್ವಾತಂತ್ರ್ಯವೂ ಇರಲಿಲ್ಲ. ಆರು ಮುಖದ ದಾಳಗಳು ಮೂರನ್ನು ಉರುಳಿಸಿ, ಬಿದ್ದ ಮೊತ್ತವನ್ನು ಒಂದೊಂದು ಗುಣಕ್ಕೂ ಬರೆದುಕೊಳ್ಳಬೇಕು. 3 ಬಿದ್ದರೂ ಅದೇ, 18 ಬಿದ್ದರೂ ಅದೇ. 18 ಬೀಳುವುದು 216 ಬಾರಿಗೊಂದು ಸಲ. ಮುಂದೆ 1998ರಲ್ಲಿ ಬಂದ ಮೊದಲನೆಯ 'ಬಾಲ್ಡರ್ಸ್ ಗೇಟ್' ಆಟದಲ್ಲಿ ದಾಳವನ್ನು ಯಂತ್ರವೇ ಉರುಳಿಸುತ್ತಿತ್ತು. ಆದರೆ ಬಿದ್ದದ್ದು ಮನಸ್ಸಿಗೆ ಬಾರದಿದ್ದರೆ ಎಷ್ಟು ಸಲ ಬೇಕಾದರೂ ಮತ್ತೆ ಉರುಳಿಸಬಹುದಾಗಿತ್ತು. ದೈವವನ್ನು ಮರಳಿ ಮರಳಿ ಕರೆಯುವ ಸೌಕರ್ಯವಿದ್ದರೆ ಮೊದಲು ಬಂದ ದೈವಕ್ಕೆ ಯಾರು ತಾನೆ ಒಪ್ಪುತ್ತಾರೆ?

ಹೀಗೆ ಗುಣಗಳು ಬರುವುದಕ್ಕೆ ಎರಡು ದಾರಿಗಳಾದುವು: ದಾಳ ಮತ್ತು ಕ್ರಯ. ದಾಳದ ಪಕ್ಷದಲ್ಲಿ ಗುಣವು ದೈವದತ್ತ, ಹೊತ್ತವನಿಗೆ ಹೊಣೆಯಿಲ್ಲ. ಕ್ರಯದ ಪಕ್ಷದಲ್ಲಿ ಎಲ್ಲರಿಗೂ ಸಮಾನವಾದ ಚೀಲ, ಕೊಂಡವನದೇ ಹೊಣೆ. ನಮ್ಮ ಪೂರ್ವಿಕರು ಪ್ರಾರಬ್ಧವೆಂಬ ಮಾತಿನಿಂದ ಇವೆರಡನ್ನೂ ಕೂಡಿಸಿದರು. ಈ ಜನ್ಮದಲ್ಲಿ ದಾಳದಂತೆ ತೋರುವುದು ಹಿಂದಿನ ಜನ್ಮದಲ್ಲಿ ತಾನೇ ಮಾಡಿದ ಕ್ರಯ. ಮಾಡಿದವನಿಗೆ ನೆನಪಿಲ್ಲ, ಅಷ್ಟೇ. ಗ್ರೀಕರ ಪ್ಲೇಟೋ ಮಹಾಶಯನೂ ತನ್ನ 'ರಿಪಬ್ಲಿಕ್' ಗ್ರಂಥದ ಕೊನೆಯಲ್ಲಿ ಇಂತಹದೇ ಕಥೆಯೊಂದನ್ನು ಹೇಳುತ್ತಾನೆ. ಜೀವಗಳು ಮುಂದಿನ ಬಾಳುವೆಯನ್ನು ತಾವೇ ಆರಿಸಿಕೊಂಡು, ಮರೆವಿನ ನೀರನ್ನು ಕುಡಿದು, ಭೂಮಿಗೆ ಇಳಿಯುತ್ತವೆ. ಬಹುಕಷ್ಟಗಳನ್ನುಂಡ ಒಡಿಸ್ಯೂಸನು ಹೆಚ್ಚಿನದೇನನ್ನೂ ಬಯಸದೆ ಸಾಮಾನ್ಯ ಗೃಹಸ್ಥನೊಬ್ಬನ ಬಾಳನ್ನು ಹುಡುಕಿ ತೆಗೆದುಕೊಳ್ಳುತ್ತಾನೆ. 15ನ್ನು ಬಿಟ್ಟು 12, 13ಗಳಿಗೆ ತೃಪ್ತನಾದವನೆನ್ನಬಹುದು.

ಈ ಸಿದ್ಧಾಂತಗಳ ಸತ್ಯಾಸತ್ಯವನ್ನು ನಿರ್ಣಯಿಸುವ ಶಕ್ತಿಯು ನನಗಿಲ್ಲ. ನಾನು ಕೇಳುವುದು ವಿನಿಯೋಗದ ಪ್ರಶ್ನೆ. ಈ ಮಾತುಗಳನ್ನು ಯಾರ ವಿಷಯದಲ್ಲಿ ಆಡಬೇಕು? ನನ್ನ ಕೊರತೆಯನ್ನು ಕುರಿತು 'ಇದು ನಾನೇ ಕೊಂಡದ್ದು' ಎಂದುಕೊಂಡರೆ ನನಗೆ ವಿನಯವೂ ಉತ್ಸಾಹವೂ ಬಂದಾವು. ಅದೇ ಮಾತನ್ನು ನೆರೆಯವನ ಕೊರತೆಯನ್ನು ಕುರಿತು ಆಡಿದರೆ ಅದು ಕ್ರೌರ್ಯವಾಗುತ್ತದೆ. ವಾಕ್ಯವು ಒಂದೇ, ಆಡಿದ ಕಡೆಯು ಬೇರೆಯಾದರೆ ಧರ್ಮವು ಅಧರ್ಮವಾಗುತ್ತದೆ. ಇದನ್ನು ನಾನು ಗ್ರಂಥದಿಂದ ಹೇಳುತ್ತಿಲ್ಲ, ನನ್ನ ತಪ್ಪಿನಿಂದ ಹೇಳುತ್ತಿದ್ದೇನೆ.

ಸುಮಾರು ಮೂವತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಶಬ್ದರೂಪಗಳು ಅವನಿಗೆ ಬಾಯಿಗೆ ಬರುತ್ತಿರಲಿಲ್ಲ. ಇಂದು ಒಪ್ಪಿಸಿದುದು ನಾಳೆಗೆ ಇರುತ್ತಿರಲಿಲ್ಲ. ನಾನು ಮೊದಲು ಅವನನ್ನು ಸೋಮಾರಿಯೆಂದು ಗದರಿಸಿದೆ. ಬೆಂಚಿನ ಮೇಲೆ ನಿಲ್ಲಿಸಿದೆ. ಅದು ಫಲಿಸದಿರಲು ಅವನ ತಂದೆಯನ್ನು ಕರೆಸಿ, "ಇವನ ತಲೆಗೆ ವಿದ್ಯೆ ಹತ್ತುವುದಿಲ್ಲ, ಯಾವುದಾದರೂ ಕೆಲಸಕ್ಕೆ ಹಾಕಿ" ಎಂದುಬಿಟ್ಟೆ. ಆ ತಂದೆಯು ಎದುರುಮಾತಾಡಲಿಲ್ಲ. "ನೀವು ಹೇಳಿದ ಮೇಲೆ ಮುಗೀತು ಸ್ವಾಮಿ" ಎಂದು ಕೈಮುಗಿದು, ಮಗನನ್ನು ಕರೆದುಕೊಂಡು ಹೊರಟುಹೋದನು. ಹುಡುಗನು ಮತ್ತೆ ಶಾಲೆಗೆ ಬರಲಿಲ್ಲ.

ಆ ಹುಡುಗನ ವಿಷಯದಲ್ಲಿ ನಾನು ಎರಡು ತಪ್ಪುಗಳನ್ನು ಮಾಡಿದೆನೆಂಬುದೂ, ಅವೆರಡೂ ಪರಸ್ಪರವಿರುದ್ಧವೆಂಬುದೂ ನನಗೆ ಈ ಬೇಸಗೆಯಲ್ಲಿ ಹೊಳೆಯಿತು. ಮೊದಲು, ಆ ಎಂಟಂಕವನ್ನು ಅವನೇ ಆರಿಸಿ ಕೊಂಡನೆಂಬಂತೆ ದಂಡಿಸಿದೆ. ಆಮೇಲೆ, ದೈವವೇ ಅವನ ಲೆಕ್ಕವನ್ನು ಮುಗಿಸಿತೆಂಬಂತೆ ಕೈಬಿಟ್ಟೆ. ಕ್ರಯವೆಂದರೆ ಕ್ರಯ, ದಾಳವೆಂದರೆ ದಾಳ. ನನ್ನ ಸೌಕರ್ಯಕ್ಕೆ ತಕ್ಕಂತೆ ಎರಡನ್ನೂ ಬಳಸಿಕೊಂಡವನು ನಾನು.

ಇನ್ನೊಂದು ಮಾತು. ಆಟದವರು ಬುದ್ಧಿಯನ್ನೂ ವಿವೇಕವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದಿದ್ದಾರೆ. ಬುದ್ಧಿಯೆಂದರೆ ನೆನಪು ಮತ್ತು ತರ್ಕ. ವಿವೇಕವೆಂದರೆ ಸುತ್ತಲಿನದನ್ನು ಗಮನಿಸಿ, ಎದುರಿನವರ ಮನಸ್ಸನ್ನು ಅರಿಯುವುದು. ನನ್ನ ಅಂಕಪಟ್ಟಿಯಲ್ಲಿ ಎರಡನೆಯ ಸಾಲೇ ಇರಲಿಲ್ಲ. ಒಂದು ಮಳೆಗಾಲದ ಸಂಜೆ ಹಳ್ಳವು ತುಂಬಿ ಹರಿಯುತ್ತಿದ್ದಾಗ, ಕಿರಿಯ ಮಕ್ಕಳನ್ನು ದಡದಲ್ಲಿಯೇ ತಡೆದು ನಿಲ್ಲಿಸಿಕೊಂಡು, ನೀರು ಇಳಿದ ಮೇಲೆ ಒಬ್ಬೊಬ್ಬರನ್ನಾಗಿ ಕೈಹಿಡಿದು ದಾಟಿಸಿದವನು ಇದೇ ಹುಡುಗ. ಅದು ನನಗೆ ತಿಳಿದಿತ್ತು. ತಿಳಿದಿದ್ದೂ ಬರೆದುಕೊಳ್ಳಲು ಸಾಲಿಲ್ಲದೆ ಮರೆತೆ.

1998ರ 'ಫಾಲ್‌ಔಟ್ 2' ಎಂಬ ಮತ್ತೊಂದು ಆಟದಲ್ಲಿ, ನಾಯಕನ ಬುದ್ಧಿಯ ಅಂಕವು ತೀರ ಕೆಳಗಿದ್ದರೆ ಅವನ ಬಾಯಿಂದ ತೊದಲುಮಾತುಗಳೇ ಹೊರಡುತ್ತವೆ. ಊರಿನವರು ಅವನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಅಲ್ಲಿ ದನ ಕಾಯುವ ಟಾರ್ ಎಂಬ ಮಂದಮತಿಯೊಬ್ಬನಿದ್ದಾನೆ. ಇಂತಹ ನಾಯಕನು ಅವನೊಡನೆ ಮಾತಿಗೆ ನಿಂತರೆ ಇಬ್ಬರ ಸಂಭಾಷಣೆಯೂ ಪಂಡಿತರ ಮಾತಿನಂತೆ ನಿರರ್ಗಳವಾಗಿ ಸಾಗುತ್ತದೆ! ಆಟದವರು ಇದನ್ನು ವಿನೋದಕ್ಕೆ ಸೇರಿಸಿದ್ದಾರೆ. ನನಗೆ ನಗು ಬರಲಿಲ್ಲ. ನನ್ನ ಎದುರು ತೊದಲುತ್ತಿದ್ದ ಹುಡುಗನು ಹಳ್ಳದ ದಡದಲ್ಲಿ ಆ ಮಕ್ಕಳೊಡನೆ ಹೇಗೆ ಮಾತಾಡಿರಬಹುದೆಂದು ನಾನು ಒಮ್ಮೆಯೂ ವಿಚಾರಿಸಿರಲಿಲ್ಲ.

ಇನ್ನು ಅಂಕದ ಬೆಲೆಯನ್ನು ನೋಡೋಣ. ಬಾಲ್ಡರ್ಸ್ ಗೇಟಿನಲ್ಲಿ ಯಾವ ಕಾರ್ಯಕ್ಕೆ ಕೈಹಾಕಿದರೂ 20 ಮುಖಗಳ ದಾಳವೊಂದು ಉರುಳುತ್ತದೆ. ಗುಣವು 15 ಇದ್ದವನಿಗೆ ಬಿದ್ದುದರ ಮೇಲೆ ಎರಡನ್ನು ಕೂಡಿಸುತ್ತಾರೆ; 8 ಇದ್ದವನಿಗೆ ಒಂದನ್ನು ಕಳೆಯುತ್ತಾರೆ. 12 ಬೇಕಾದ ಒಂದು ಕಾರ್ಯದಲ್ಲಿ ಮೊದಲನೆಯವನು 20ರಲ್ಲಿ 11 ಸಲ ಗೆದ್ದರೆ ಎರಡನೆಯವನು 8 ಸಲ ಗೆಲ್ಲುತ್ತಾನೆ. ಅತ್ಯುತ್ತಮನೆಂದೂ ಅಧಮನೆಂದೂ ನಾವು ಹೆಸರಿಟ್ಟವರಿಗೆ ಇರುವ ಅಂತರವು 20ರಲ್ಲಿ ಮೂರೇ! ಅಷ್ಟೇ ಅಲ್ಲ. ಆ ವಿದ್ಯೆಯಲ್ಲಿ ಶಿಕ್ಷಣವನ್ನು ಪಡೆದವನಿಗೆ ಮೊದಲ ಹಂತದಲ್ಲಿಯೇ ಇನ್ನೆರಡು ಅಂಕವು ಸಲ್ಲುತ್ತದೆ. 5ನೆಯ ಹಂತದಲ್ಲಿ ಮೂರು, 9ನೆಯ ಹಂತದಲ್ಲಿ ನಾಲ್ಕು. ಹಾಗಾದರೆ ಶಿಕ್ಷಣವನ್ನು ಪಡೆದ ಎಂಟಂಕದವನು ಶಿಕ್ಷಣವಿಲ್ಲದ ಹದಿನೈದಂಕದವನಿಗೆ 5ನೆಯ ಹಂತದಲ್ಲಿ ಸಮನಾಗಿ, 9ನೆಯ ಹಂತದಲ್ಲಿ ಅವನನ್ನು ಮೀರುತ್ತಾನೆ. ಈ ಲೆಕ್ಕವನ್ನು ಮೊಮ್ಮಗನು ವಿವರಿಸುತ್ತಿದ್ದಾಗ ನಾನು ಸುಮ್ಮನೆ ಕುಳಿತಿದ್ದೆ. ಆ ಎರಡಂಕವನ್ನು ಕೊಡಬೇಕಾಗಿದ್ದವನು ಯಾರು? ಅದಕ್ಕಾಗಿಯೇ ಸಂಬಳವನ್ನು ಪಡೆಯುತ್ತಿದ್ದವನು ಯಾರು?

ಇಲ್ಲಿ ಒಂದು ಪೂರ್ವಪಕ್ಷವು ಏಳುತ್ತದೆ. ಗುಣವು ದಾಳದಿಂದ ಬಂದುದೆಂದು ಒಪ್ಪಿದರೆ ಸೋಮಾರಿಗೆ ನೆಪವು ದೊರೆಯುವುದಿಲ್ಲವೆ? ಯಾರನ್ನೂ ತಿದ್ದುವುದಕ್ಕೆ ಅಧಿಕಾರವು ಉಳಿದೀತೆ? ಸಮಾಧಾನವು ಹೀಗೆ: ದಾಳದ ಮಾತನ್ನು ಇತರರಿಗೆ, ಅಭ್ಯಾಸದ ಮಾತನ್ನು ತನಗೆ ಎಂದು ಇಟ್ಟುಕೊಂಡರೆ ನೆಪಕ್ಕೆ ಎಡೆಯಿಲ್ಲ. ಸೋಮಾರಿಯು ಮಾಡುವ ತಪ್ಪೆಂದರೆ ದಾಳದ ಮಾತನ್ನು ತನಗೇ ಅನ್ವಯಿಸಿಕೊಳ್ಳುವುದು. ಕಠೋರನು ಮಾಡುವ ತಪ್ಪೆಂದರೆ ಕ್ರಯದ ಮಾತನ್ನು ಇತರರಿಗೆ ಅನ್ವಯಿಸುವುದು. ತಿದ್ದುವ ಅಧಿಕಾರವು ಉಳಿದೇ ಇದೆ. ಆದರೆ ಅದು ನಿಂದೆಯ ಅಧಿಕಾರವಲ್ಲ, ಕಲಿಸುವ ಅಧಿಕಾರ.

ಪಾಠಶಾಲೆಯ ಒಂದು ಚರ್ಚೆಯು ನೆನಪಿಗೆ ಬರುತ್ತದೆ. ವೈಶೇಷಿಕರು ಗುಣಗಳನ್ನು 24 ಎಂದು ಎಣಿಸಿದರು. ಬುದ್ಧಿಯೂ ಅವುಗಳಲ್ಲೊಂದು, ಸಂಖ್ಯೆಯೂ ಒಂದು. ಗುಣವು ದ್ರವ್ಯದಲ್ಲಿ ಮಾತ್ರ ನಿಲ್ಲತಕ್ಕದ್ದು, ಮತ್ತೊಂದು ಗುಣದಲ್ಲಿ ನಿಲ್ಲಲಾರದು ಎಂಬುದು ಅವರ ನಿಯಮ. "ಹಾಗಾದರೆ ಗುಣಗಳಿಗೆ 24 ಎಂಬ ಸಂಖ್ಯೆಯು ಹೇಗೆ ಅಂಟಿತು?" ಎಂದು ನಾವು ಗುರುಗಳನ್ನು ಕೆಣಕುತ್ತಿದ್ದೆವು. ಅಂದು ಅದು ಮಕ್ಕಳ ಚೇಷ್ಟೆ. ಇಂದು ಆ ನಿಯಮದಲ್ಲಿ ಒಂದು ಎಚ್ಚರಿಕೆಯನ್ನು ಕಾಣುತ್ತೇನೆ. 'ಬುದ್ಧಿ 8' ಎಂದು ಬರೆದಾಗ ಆ ಅಂಕವು ನಿಜವಾಗಿ ಬುದ್ಧಿಗೆ ಅಂಟುವುದಿಲ್ಲ. ಅಂಟುವುದು ಆ ಹುಡುಗನಿಗೆ. ಬರೆದವನು ಬುದ್ಧಿಯನ್ನು ಅಳೆದೆನೆಂದುಕೊಳ್ಳುತ್ತಾನೆ. ಹೊತ್ತು ನಡೆಯುವವನು ಇಡಿಯ ಮನುಷ್ಯ.

ಆಟದಲ್ಲಿ ಇದಕ್ಕೂ ಪರಿಹಾರವಿದೆ. ನಾಯಕನ ಬಿಡಾರದಲ್ಲಿ ಒಣಗಿದ ಅಸ್ಥಿಯಂತಹ ಪುರಾತನನೊಬ್ಬನು ನಿಂತಿರುತ್ತಾನೆ. ಅವನಿಗೆ 100 ಚಿನ್ನದ ನಾಣ್ಯಗಳನ್ನು ಕೊಟ್ಟರೆ ಹಿಂದೆ ಹಂಚಿದ ಬಿಂದುಗಳನ್ನೆಲ್ಲ ಮರಳಿ ಹಂಚಬಹುದು. ಮೊಮ್ಮಗನು ಹಾಗೆಯೇ ಮಾಡಿ, ದಡ್ಡನೆಂದು ಬೈದವನನ್ನು ಒಂದು ಗಳಿಗೆಯಲ್ಲಿ ವಾಗ್ಮಿಯನ್ನಾಗಿ ಮಾಡಿಕೊಂಡನು. ನಾನು ಬರೆದ ಅಂಕವನ್ನು ಅಳಿಸಿಕೊಡುವವನು ನನ್ನ ಬಿಡಾರದಲ್ಲಿ ಇಲ್ಲ. ಆ ಹುಡುಗನು ಈಗ ಎಲ್ಲಿರುವನೋ ತಿಳಿಯದು. ಅವನೂ ನಡುವಯಸ್ಸನ್ನು ಮುಟ್ಟಿರಬೇಕು. ಅವನಿಗೆ ಸಲ್ಲಬೇಕಾಗಿದ್ದ ಎರಡಂಕವು ನನ್ನಲ್ಲಿಯೇ ಉಳಿದಿದೆ.

ಈ ಮಾತು ನನಗೆ ತಡವಾಗಿ ತಿಳಿಯಿತು. ಇನ್ನೂ ತರಗತಿಯ ಮುಂದೆ ನಿಂತಿರುವವರಿಗೂ, ಮನೆಯಲ್ಲಿ ಮಕ್ಕಳ ಅಂಕಪಟ್ಟಿಗೆ ರುಜು ಹಾಕುವ ತಾಯಿತಂದೆಗಳಿಗೂ ಇದು ಹೊತ್ತಿಗೆ ಸರಿಯಾಗಿ ತಿಳಿಯಲೆಂದು ಬರೆದಿದ್ದೇನೆ.